ಚಳಿಗಾಲಕ್ಕೆ ಫೈರ್ ಇಂಜಿನ್ ಸಿದ್ಧ ಮಾಡೋದು: ಮಂಡ್ಯದಲ್ಲಿ ಏನು ಬೇಕು, ಏನು ಬೇಡ

ಪ್ರಶ್ನೆ: ಸರ್, ನಾನು ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಸೇಫ್ಟಿ ವಿಭಾಗದಲ್ಲಿದ್ದೇನೆ. ನಮ್ಮಲ್ಲಿ 4,500 ಲೀಟರ್ ಟ್ಯಾಂಕಿನ ಒಂದು ಫೈರ್ ಇಂಜಿನ್ ಇದೆ. ಡಿಸೆಂಬರ್ ಬಂತೆಂದರೆ ಬೆಳಗಿನ ಜಾವ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಸ್ಟಾರ್ಟ್ ಆದ ಮೇಲೂ ಬ್ರೇಕಿನ ಏರ್ ಏರುವ ತನಕ ಗಾಡಿ ಕದಲುವುದಿಲ್ಲ. ಕೆನಡಾದಲ್ಲಿರುವ ನನ್ನ ಭಾವಮೈದ ಅಲ್ಲಿನವರ ಚಳಿಗಾಲದ ಪಟ್ಟಿ ಕಳಿಸಿದ್ದಾನೆ. ಪಂಪ್ ಒಣಗಿಸಿ ಇಡಬೇಕು, ಆಂಟಿಫ್ರೀಜ್ ಹಾಕಬೇಕು, ಇಂಜಿನ್ನಿಗೆ ಹೀಟರ್ ಇರಬೇಕು, ಡೀಸೆಲ್‌ಗೆ ಔಷಧಿ ಬೆರೆಸಬೇಕು ಅಂತೆಲ್ಲ ಅದರಲ್ಲಿದೆ. ಇಲ್ಲಿನ ಒಬ್ಬ ಸಪ್ಲೈಯರ್ ಕೂಡ ಹೆಚ್ಚುಕಮ್ಮಿ ಇದೇ ಸಾಮಾನುಗಳಿಗೆ ಕೊಟೇಶನ್ ಕೊಟ್ಟಿದ್ದಾರೆ. ಇದೆಲ್ಲ ನಮಗೂ ಬೇಕಾ? ಪಂಪಿನಲ್ಲಿ ನೀರು ಇಡಬೇಕಾ, ಖಾಲಿ ಇಡಬೇಕಾ?

ಉತ್ತರ: ಕೊಟೇಶನ್ನಿಗೆ ಸಹಿ ಹಾಕುವ ಮೊದಲು ಒಂದು ಥರ್ಮಾಮೀಟರ್ ತಂದು ಗಾಡಿ ನಿಲ್ಲುವ ಶೆಡ್ಡಿನಲ್ಲಿ ನೇತು ಹಾಕಿ. ಒಂದು ವಾರ ಬೆಳಿಗ್ಗೆ ಆರು ಗಂಟೆಗೆ ಓದಿ ಬರೆದಿಡಿ. ನಮ್ಮ ಕಡೆ ಡಿಸೆಂಬರ್, ಜನವರಿಯ ಬಹಳಷ್ಟು ರಾತ್ರಿಗಳಲ್ಲಿ ಅದು 15-17 ಡಿಗ್ರಿ ತೋರಿಸುತ್ತದೆ. ಚಳಿ ಜೋರಾದ ದಿನ 10-12ಕ್ಕೆ ಇಳಿಯಬಹುದು. ಮೈಸೂರಿನಲ್ಲಿ 2012ರ ಜನವರಿಯಲ್ಲಿ 7.7 ಡಿಗ್ರಿಗೆ ಇಳಿದಿತ್ತು. ಅಷ್ಟಕ್ಕೇ ಊರೆಲ್ಲ ಮಂಕಿ ಕ್ಯಾಪ್ ಹಾಕಿಕೊಂಡು ಓಡಾಡಿತು. ಆದರೆ ನೀರು ಗಟ್ಟಿಯಾಗುವುದು ಸೊನ್ನೆಯಲ್ಲಿ. ನಮ್ಮ ಅತಿ ಕೆಟ್ಟ ಚಳಿಗೂ ಅದಕ್ಕೂ ಇನ್ನೂ ಏಳು ಡಿಗ್ರಿ ದೂರ ಇದೆ.

ನಿಮ್ಮ ಭಾವಮೈದನ ಪಟ್ಟಿ ತಪ್ಪೇನಲ್ಲ. ಅದು ಮಂಜುಗಡ್ಡೆಗಾಗಿ ಬರೆದದ್ದು. ನೀರು ಹೆಪ್ಪುಗಟ್ಟುವಾಗ ಶೇಕಡಾ 9ರಷ್ಟು ಹಿಗ್ಗುತ್ತದೆ. ಪಂಪಿನ ಬೀಡು ಕಬ್ಬಿಣದ ಮೈಯೊಳಗೆ ಒಂದು ಲೋಟ ನೀರು ಉಳಿದಿದ್ದರೂ ಅದು ಹಿಗ್ಗಿ ಕೇಸಿಂಗ್ ಸೀಳಬಹುದು. ಅದಕ್ಕಿಂತ ಮೊದಲು ಪ್ರೆಶರ್ ಗೇಜಿಗೆ ಹೋಗುವ ಸಣ್ಣ ಕೊಳವೆಗಳು ಒಡೆಯುತ್ತವೆ. ಅದಕ್ಕೇ ಅಲ್ಲಿನವರು ಪಂಪಿನ ಎಲ್ಲ ಡ್ರೈನ್ ಕಾಕ್ ತೆರೆದು ಒಣಗಿಸಿ ಇಡುತ್ತಾರೆ. ಕೆಲಸದ ನಡುವೆ ಹೋಸಿನಲ್ಲಿ ನೀರು ನಿಲ್ಲಬಾರದು ಎಂದು ಬ್ರಾಂಚನ್ನು (ಹೋಸಿನ ತುದಿಯ ನೀರು ಚಿಮ್ಮುವ ನಳಿಕೆ) ಪೂರ್ತಿ ಮುಚ್ಚುವುದಿಲ್ಲ. ಪಂಪಿನ ಅಡಿಗೆ ತಗಡು ಕಟ್ಟಿ, ಬಿಸಿ ಗಾಳಿ ಹಾಯಿಸುತ್ತಾರೆ. ಚಕ್ರಕ್ಕೆ ಚೈನ್ ಹಾಕುತ್ತಾರೆ. ಇದರಲ್ಲಿ ಯಾವುದೂ ಮದ್ದೂರು, ಮಳವಳ್ಳಿ, ಪಾಂಡವಪುರದಲ್ಲಿ ಬೇಕಾಗುವುದಿಲ್ಲ.

ಹಾಗಾದರೆ ನಿಮ್ಮ ಗಾಡಿಗೆ ಏನಾಗಿದೆ? ನೀವು ಹೇಳಿದ ಎರಡು ತೊಂದರೆಗಳೂ ಚಳಿ ಹುಟ್ಟಿಸಿದವಲ್ಲ. ವರ್ಷವಿಡೀ ಶೆಡ್ಡಿನಲ್ಲಿ ನಿಂತೇ ಇರುವ ಗಾಡಿಯಲ್ಲಿ ಮೆಲ್ಲಗೆ ಬೆಳೆದ ದೋಷಗಳು ಅವು. ಲಾರಿ ದಿನಾ ಓಡುತ್ತದೆ, ದೋಷ ಬೇಗ ತಿಳಿಯುತ್ತದೆ. ಫೈರ್ ಇಂಜಿನ್ ಹಾಗಲ್ಲ. ತಿಂಗಳುಗಟ್ಟಲೆ ಪೂರ್ತಿ ಭಾರ ಹೊತ್ತು ನಿಂತಿರುತ್ತದೆ. ಆದರೆ ಬೆಲ್ ಹೊಡೆದ ಒಂದು ನಿಮಿಷದಲ್ಲಿ ಗೇಟ್ ದಾಟಿರಬೇಕು. ನಮ್ಮ ಕಡೆಯ ಚಳಿಗಾಲದ ತಯಾರಿ ಅಂದರೆ ಆ ಒಂದು ನಿಮಿಷವನ್ನು ಕಾಪಾಡಿಕೊಳ್ಳುವುದು, ಅಷ್ಟೇ.

ಮೊದಲು ಸ್ಟಾರ್ಟಿಂಗ್ ವಿಷಯ. ಬೆಳಿಗ್ಗೆ ಕೀ ತಿರುಗಿಸುವಾಗ ಒಬ್ಬರು ಹೊರಗೆ ನಿಂತು ಕಿವಿಗೊಟ್ಟು ಕೇಳಬೇಕು, ಸೈಲೆನ್ಸರ್ ಕಡೆಯೂ ನೋಡಬೇಕು. ಸೆಲ್ಫ್ (ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟರ್) ಎಳೆದೆಳೆದು ನಿಧಾನ ತಿರುಗಿದರೆ ದೋಷ ಬ್ಯಾಟರಿ, ಟರ್ಮಿನಲ್, ಅರ್ಥ್ ಪಟ್ಟಿ ಅಥವಾ ಸೆಲ್ಫ್ ಮೋಟರಿನಲ್ಲಿದೆ. ಸೆಲ್ಫ್ ಚುರುಕಾಗಿ ತಿರುಗಿ, ಹೊಗೆಯೇ ಬರದಿದ್ದರೆ ಇಂಜಿನ್ನಿಗೆ ಡೀಸೆಲ್ ಮುಟ್ಟುತ್ತಿಲ್ಲ. ಚುರುಕಾಗಿ ತಿರುಗಿ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಆದರೆ ಉರಿಯುತ್ತಿಲ್ಲ. ಆಗ ಇಂಜೆಕ್ಟರ್, ಕಂಪ್ರೆಶನ್ ಅಥವಾ ಇಂಜಿನ್ನಿನಲ್ಲೇ ಬರುವ ಸ್ಟಾರ್ಟಿಂಗ್ ಹೀಟರ್ ಇದ್ದರೆ ಅದನ್ನು ನೋಡಬೇಕು. ಈ ಮೂರರಲ್ಲಿ ಯಾವುದು ಎಂದು ಗೊತ್ತಾಗುವ ಮೊದಲೇ ಸಾಮಾನು ಕೊಳ್ಳುವುದು ದುಡ್ಡು ದಂಡ.

ನಾನು ನೋಡಿದ ಗಾಡಿಗಳಲ್ಲಿ ಬಹುಪಾಲು ಮೊದಲನೆಯದೇ ಆಗಿರುತ್ತದೆ, ಅಂದರೆ ಬ್ಯಾಟರಿ. ಬ್ಯಾಟರಿ ಒಳಗೆ ನಡೆಯುವುದು ರಾಸಾಯನಿಕ ಕೆಲಸ. ತಣ್ಣಗಾದಷ್ಟೂ ಅದು ನಿಧಾನ. ಸೊನ್ನೆ ಡಿಗ್ರಿಯಲ್ಲಿ ಒಳ್ಳೆಯ ಬ್ಯಾಟರಿಯ ಸ್ಟಾರ್ಟಿಂಗ್ ಶಕ್ತಿಯೂ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ನಮ್ಮ 12 ಡಿಗ್ರಿಯಲ್ಲಿ ಅಷ್ಟು ಹೋಗುವುದಿಲ್ಲ. ಗಟ್ಟಿ ಬ್ಯಾಟರಿ ಇದನ್ನು ಲೆಕ್ಕಕ್ಕೇ ಇಡುವುದಿಲ್ಲ. ಸೊರಗಿದ ಬ್ಯಾಟರಿ ಮಾತ್ರ ಇಲ್ಲೇ ಸಿಕ್ಕಿಬೀಳುತ್ತದೆ. ಅದು ಸೊರಗಿರುವುದು ಬೇಸಿಗೆಯಲ್ಲಿ. ಏಪ್ರಿಲ್ ಬಿಸಿಲಿಗೆ ತಗಡಿನ ಶೆಡ್ಡಿನೊಳಗೆ ಕಾದು ಪ್ಲೇಟುಗಳು ಸವೆದಿರುತ್ತವೆ, ನೀರು ಇಂಗಿರುತ್ತದೆ. ಬೆಚ್ಚಗಿರುವ ತನಕ ಹೇಗೋ ತಳ್ಳಿಕೊಂಡು ಬಂದಿರುತ್ತದೆ. ಡಿಸೆಂಬರ್‌ನಲ್ಲಿ ಕೈ ಎತ್ತುತ್ತದೆ.

ಈಗ ಒಂದು ಅನುಮಾನ ಹೇಳುತ್ತೇನೆ, ಹೋಗಿ ನೋಡಿ. ನಿಮ್ಮ ಗಾಡಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಆಗಿರುತ್ತದೆ. ವಾಕಿಟಾಕಿ ಸೆಟ್ಟೋ, ಮೊಬೈಲ್ ಚಾರ್ಜರೋ, ಟೇಪ್ ರೆಕಾರ್ಡರೋ 12 ವೋಲ್ಟಿನದು. ಅದಕ್ಕೆ ಯಾರೋ ಒಂದೇ ಬ್ಯಾಟರಿಯಿಂದ ವೈರ್ ಎಳೆದಿರುತ್ತಾರೆ. ಇದು ನಮ್ಮ ಎಲೆಕ್ಟ್ರಿಷಿಯನ್‌ಗಳ ಪ್ರೀತಿಯ ಶಾರ್ಟ್‌ಕಟ್. ಇದರಿಂದ ಒಂದು ಬ್ಯಾಟರಿ ದಿನಾ ಇಳಿಯುತ್ತದೆ, ಇನ್ನೊಂದು ತುಂಬಿಯೇ ಇರುತ್ತದೆ. ಡೈನಮೋ ಎರಡನ್ನೂ ಸೇರಿಸಿ ಚಾರ್ಜ್ ಮಾಡುತ್ತದೆಯೇ ಹೊರತು ಯಾವುದು ಹಸಿದಿದೆ ಎಂದು ಅದಕ್ಕೆ ತಿಳಿಯುವುದಿಲ್ಲ. ಹಸಿದದ್ದು ಪೂರ್ತಿ ತುಂಬುವುದೇ ಇಲ್ಲ, ತುಂಬಿದ್ದು ಮತ್ತಷ್ಟು ಚಾರ್ಜ್ ಆಗಿ ಕುದಿಯುತ್ತದೆ. ಆರು ತಿಂಗಳಿಗೆ ಎರಡೂ ಹಾಳು. ಮೀಟರ್ ತಗೊಂಡು ಎರಡು ಬ್ಯಾಟರಿಯನ್ನೂ ಬೇರೆ ಬೇರೆ ಅಳೆಯಿರಿ. ರಾತ್ರಿಯೆಲ್ಲ ಸುಮ್ನೆ ನಿಂತ ಮೇಲೆ ಪ್ರತಿಯೊಂದೂ 12.6 ವೋಲ್ಟ್ ಹತ್ತಿರ ತೋರಿಸಬೇಕು. ಒಂದು 12.6, ಇನ್ನೊಂದು 12.2 ಇದ್ದರೆ ಎರಡನೆಯದು ಅರ್ಧ ಖಾಲಿ ಅಂತಲೇ ತಿಳಿಯಿರಿ. 24ರಿಂದ 12 ವೋಲ್ಟ್ ಮಾಡುವ ಕನ್ವರ್ಟರ್ ಹಾಕಿಸಿ, ಆ ವೈರನ್ನು ಕಿತ್ತು ಹಾಕಿ. ಬ್ಯಾಟರಿ ಬದಲಿಸುವುದಾದರೆ ಎರಡನ್ನೂ ಒಟ್ಟಿಗೇ ಬದಲಿಸಿ. ಹೊಸದೊಂದು ಹಳೆಯದೊಂದು ಜೋಡಿಸಿದರೆ ಹೊಸದೂ ಬೇಗ ಮುಗಿಯುತ್ತದೆ.

ಇನ್ನೊಂದು ಪರೀಕ್ಷೆ. ಸೆಲ್ಫ್ ಹೊಡೆಯುವಾಗಲೇ ಎರಡೂ ಬ್ಯಾಟರಿ ಸೇರಿದ ವೋಲ್ಟೇಜ್ ನೋಡಿ. 19ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸಾಲದು. 22ರ ಹತ್ತಿರ ನಿಂತಿದ್ದೂ ಸೆಲ್ಫ್ ನಿಧಾನ ತಿರುಗಿದರೆ ಬ್ಯಾಟರಿಯನ್ನು ಬೈಯಬೇಡಿ, ಕೇಬಲ್ ತುದಿಗಳನ್ನು ಬಿಚ್ಚಿ ಉಜ್ಜಿ. ಚಾಸಿಗೆ ಬೋಲ್ಟ್ ಮಾಡಿರುವ ಅರ್ಥ್ ಪಟ್ಟಿಯ ಕೆಳಗೆ ತುಕ್ಕು ಕೂತಿರುತ್ತದೆ. ಸ್ಯಾಂಡ್ ಪೇಪರಿನಷ್ಟೇ ಖರ್ಚು.

ಎರಡನೆಯ ಸಾಧ್ಯತೆ, ಡೀಸೆಲ್ ಮುಟ್ಟದಿರುವುದು. ಸಂಜೆ ಬಿಗಿಯಾಗಿದ್ದ ಲೈನಿನಲ್ಲಿ ರಾತ್ರಿ ಸಣ್ಣ ಸಂದಿಯಿಂದ ಗಾಳಿ ಸೇರಿ, ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿರುತ್ತದೆ. ಹಳೆಯ ರಬ್ಬರ್ ಪೈಪು, ವಾಷರುಗಳು ತಣ್ಣಗಾದಾಗ ಕುಗ್ಗಿ ಗಡುಸಾಗುವುದರಿಂದ ಚಳಿಯಲ್ಲಿ ಇದು ಜಾಸ್ತಿ. ಬೆಳಿಗ್ಗೆ ಕೀ ಮುಟ್ಟುವ ಮೊದಲು ಹ್ಯಾಂಡ್ ಪ್ರೈಮರ್ (ಡೀಸೆಲ್ ಲೈನಿನ ಕೈ ಪಂಪ್) ಒತ್ತಿ ನೋಡಿ. ಒತ್ತಿದ ಮೇಲೆ ಒಂದೇ ಸಲಕ್ಕೆ ಸ್ಟಾರ್ಟ್ ಆದರೆ ಕಳ್ಳ ಸಿಕ್ಕಿದ ಹಾಗೆ. ಟ್ಯಾಂಕಿನಿಂದ ಫಿಲ್ಟರ್ ತನಕ ಪ್ರತಿ ಜೋಡಣೆಯನ್ನೂ ನೋಡಿ ಬಿಗಿ ಮಾಡಿಸಿ.

ಡೀಸೆಲ್ ಔಷಧಿಗೆ ಬರುತ್ತೇನೆ. ಡೀಸೆಲ್ಲಿನಲ್ಲಿ ಮೇಣದಂಥ ಅಂಶ ಇರುತ್ತದೆ. ಜಾಸ್ತಿ ತಣ್ಣಗಾದರೆ ಅದು ಹರಳುಗಟ್ಟಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಲಡಾಖ್‌ನಲ್ಲಿ ಇದೇ ದೊಡ್ಡ ತಲೆನೋವು. ಅದಕ್ಕೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿ ತನಕ ಹರಿಯುವ ಚಳಿಗಾಲದ ಡೀಸೆಲ್ ಹೊರತಂದಿತು. ನಮ್ಮ ಮಾಮೂಲಿ ಡೀಸೆಲ್ಲಿಗೆ ಭಾರತೀಯ ಮಾನದಂಡ ಐಎಸ್ 1460ರಲ್ಲಿ ಎರಡು ಮಿತಿ ಇದೆ. ಎಷ್ಟು ತಣ್ಣಗಾಗುವ ತನಕ ಅದು ಫಿಲ್ಟರ್ ದಾಟಿ ಹೋಗಲೇಬೇಕು ಎಂಬ ಮಿತಿ ಅದು. ಚಳಿಗಾಲದಲ್ಲಿ ಮಾರುವ ಡೀಸೆಲ್ಲಿಗೆ 6 ಡಿಗ್ರಿ, ಬೇಸಿಗೆಯದಕ್ಕೆ 18 ಡಿಗ್ರಿ. ನಮ್ಮ 7.7ರ ದಾಖಲೆ ಚಳಿಯಲ್ಲೂ ಚಳಿಗಾಲದ ಈ ಮಾಮೂಲಿ ಡೀಸೆಲ್ ಪಾಸ್. ಔಷಧಿ ಬೇಡ.

ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಲಾರಿಯವನ ಟ್ಯಾಂಕಿನಲ್ಲಿ ಡೀಸೆಲ್ ಎರಡು ದಿನವೂ ನಿಲ್ಲುವುದಿಲ್ಲ. ನಿಮ್ಮ ಗಾಡಿಯಲ್ಲಿ ಮೇ ತಿಂಗಳಲ್ಲಿ ತುಂಬಿಸಿದ ಡೀಸೆಲ್ ಡಿಸೆಂಬರ್ ತನಕ ಹಾಗೇ ಕೂತಿರಬಹುದು, ಅಲ್ವಾ? ಅದು ಬೇಸಿಗೆಯ ಡೀಸೆಲ್. ಎಲ್ಲ ಬೇಸಿಗೆ ಡೀಸೆಲ್ಲೂ 18 ಡಿಗ್ರಿಗೇ ಕಟ್ಟಿಕೊಳ್ಳುತ್ತದೆ ಎಂದಲ್ಲ. ಆದರೆ ಅದಕ್ಕಿಂತ ತಣ್ಣಗಾದಾಗ ಹರಿಯಲೇಬೇಕು ಎಂಬ ಕಟ್ಟುಪಾಡು ಅದಕ್ಕಿಲ್ಲ. ಅದಕ್ಕೆ ನವೆಂಬರ್‌ನಲ್ಲಿ ಹಳೆಯ ಡೀಸೆಲ್ಲನ್ನು ಕಾರ್ಖಾನೆಯ ಟ್ರಾಕ್ಟರಿಗೋ ಜನರೇಟರಿಗೋ ಬಳಸಿ ಮುಗಿಸಿ, ಹೊಸದು ತುಂಬಿಸಿ. ತುಂಬಿಸುವಾಗ ಪೂರ್ತಿ ತುಂಬಿಸಿ. ಮಂಡ್ಯದಲ್ಲಿ ಜನವರಿಯ ಮಧ್ಯಾಹ್ನ 29-30 ಡಿಗ್ರಿ, ಬೆಳಗಿನ ಜಾವ 15. ಈ ಏರಿಳಿತದಲ್ಲಿ ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಗೆ ತೇವ ಕೂತು ನೀರಾಗಿ ತಳಕ್ಕೆ ಇಳಿಯುತ್ತದೆ. ನೀರು ಮತ್ತು ಡೀಸೆಲ್ ಸೇರುವ ಜಾಗದಲ್ಲಿ ಪಾಚಿಯಂಥ ಲೋಳೆ ಬೆಳೆಯುತ್ತದೆ. ಹೊಸ ಇಂಜಿನ್‌ಗಳ ಇಂಜೆಕ್ಟರಿಗೆ ಇದು ವಿಷ. ಫಿಲ್ಟರ್ ಕೆಳಗಿನ ನೀರಿನ ತಿರುಪನ್ನು ವಾರಕ್ಕೊಮ್ಮೆ ಬಿಚ್ಚಿ ನೋಡಿ.

ಇಂಜಿನ್ ಆಯಿಲ್ ಬದಲಿಸಬೇಕಾ ಅಂತ ಕೇಳಬಹುದು. 15ಡಬ್ಲ್ಯೂ-40 ಹಾಕಿದ್ದರೆ ಬೇಡ. ಆ 15ಡಬ್ಲ್ಯೂ ಆಯಿಲ್ ಮೈನಸ್ 20 ಡಿಗ್ರಿಯಲ್ಲಿ ಇಂಜಿನ್ ತಿರುಗಲು ಬಿಡುತ್ತದೆಯೇ ಎಂದು ಪರೀಕ್ಷೆ ಆಗಿರುತ್ತದೆ.

ಇನ್ನು ಏರ್. ನನ್ನ ಲೆಕ್ಕದಲ್ಲಿ ನಿಮ್ಮ ದೊಡ್ಡ ತೊಂದರೆ ಇದೇ. ಸ್ಟಾರ್ಟಿಂಗ್ ತಡವಾಗುವುದಕ್ಕಿಂತ ಇದು ಜಾಸ್ತಿ ನಿಮಿಷ ತಿನ್ನುತ್ತದೆ. ಏರ್ ಬ್ರೇಕಿನ ಗಾಡಿಯಲ್ಲಿ ಪಾರ್ಕಿಂಗ್ ಬ್ರೇಕನ್ನು ಹಿಡಿದಿಡುವುದು ಸ್ಪ್ರಿಂಗ್. ಅದನ್ನು ಬಿಡಿಸುವುದು ಗಾಳಿ. ಟ್ಯಾಂಕಿನಲ್ಲಿ 5 ಬಾರ್ ಆಸುಪಾಸು ಗಾಳಿ ಸೇರುವ ತನಕ ಚಕ್ರ ಬಿಡುವುದಿಲ್ಲ. ತುಂಬಿದಾಗ 8 ಬಾರ್ ಹತ್ತಿರ ಇರುತ್ತದೆ. ಸಂಜೆ 8 ಇದ್ದದ್ದು ಬೆಳಿಗ್ಗೆ ಸೊನ್ನೆ ಆಗಿದ್ದರೆ, ರಾತ್ರಿಯೆಲ್ಲ ಎಲ್ಲೋ ಸೋರಿದೆ ಎಂದೇ ಅರ್ಥ. ಚಳಿಗೆ ಗಾಳಿಯ ಒತ್ತಡ ತಾನಾಗಿಯೂ ಸ್ವಲ್ಪ ಇಳಿಯುತ್ತದೆ, ಆದರೆ ಅರ್ಧ ಬಾರ್ ಕೂಡ ಇಳಿಯುವುದಿಲ್ಲ. ಉಳಿದದ್ದೆಲ್ಲ ಸೋರಿಕೆ.

ಸಂಜೆ ಇಂಜಿನ್ ಆಫ್ ಮಾಡಿದಾಗ ಗೇಜ್ ಓದಿ ಬರೆದಿಡಿ. ಬೆಳಿಗ್ಗೆ ಮತ್ತೆ ಓದಿ. ಆಮೇಲೆ ಸೋಪಿನ ನೀರು ಮಾಡಿಕೊಂಡು ಪ್ರತಿ ಜೋಡಣೆಗೂ, ಬ್ರೇಕ್ ಚೇಂಬರಿಗೂ, ವಾಲ್ವುಗಳ ಗಾಳಿ ಬಿಡುವ ಬಾಯಿಗೂ ಹಚ್ಚಿ. ಗುಳ್ಳೆ ಬಂದ ಜಾಗವೇ ಸೋರುವ ಜಾಗ. ಚಳಿಯಲ್ಲಿ ಮಾತ್ರ ಸೋರುವ ವಾಲ್ವುಗಳೂ ಇವೆ, ಏಕೆಂದರೆ ಒಳಗಿನ ರಬ್ಬರ್ ಗಡುಸಾಗಿರುತ್ತದೆ. ಹಾಗಾಗಿ ಈ ಪರೀಕ್ಷೆಯನ್ನು ಬಿಸಿಲೇರಿದ ಮೇಲೆ ಮಾಡಿದರೆ ಪ್ರಯೋಜನವಿಲ್ಲ. ಬೆಳಿಗ್ಗೆ ಗಾಡಿ ತಣ್ಣಗಿರುವಾಗಲೇ ಹೊರಗಿನ ಲೈನಿನಿಂದ ಗಾಳಿ ತುಂಬಿ ಮಾಡಬೇಕು. ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟೇ ಅಡಿಗೆ ಇಳಿಯಿರಿ.

ಏರ್ ಟ್ಯಾಂಕುಗಳ ನೀರನ್ನೂ ಬಿಡಬೇಕು. ಕಂಪ್ರೆಸರ್ ಗಾಳಿಯ ಜೊತೆ ತೇವವನ್ನೂ ಒತ್ತುತ್ತದೆ. ರಾತ್ರಿ ಟ್ಯಾಂಕ್ ತಣ್ಣಗಾದಾಗ ಅದು ನೀರಾಗುತ್ತದೆ. ಹಿಮದ ನಾಡಿನಲ್ಲಿ ಆ ನೀರು ಹೆಪ್ಪುಗಟ್ಟಿ ಬ್ರೇಕ್ ಕೈಕೊಡುತ್ತದೆ. ನಮ್ಮಲ್ಲಿ ತುಕ್ಕು ಹಿಡಿಸುತ್ತದೆ, ವಾಲ್ವಿನ ಗ್ರೀಸ್ ತೊಳೆದುಹಾಕುತ್ತದೆ. ಡ್ರೈನ್ ಎಳೆದಾಗ ನೀರು ಜಾಸ್ತಿ ಬಂದರೆ ಏರ್ ಡ್ರೈಯರಿನ ಒಳಗಿನ ತೇವ ಹೀರುವ ಕಾಳು ಕೆಲಸ ಮುಗಿಸಿದೆ, ಡಬ್ಬಿ ಬದಲಿಸಿ. ನೀರಿನ ಜೊತೆ ಎಣ್ಣೆ ಬಂದರೆ ಕಂಪ್ರೆಸರೇ ಸವೆದಿದೆ.

ಕೆನಡಾ ಪಟ್ಟಿಯಲ್ಲಿ ನಾವು ಕದಿಯಬೇಕಾದ ಒಂದು ವಸ್ತು ಇದೆ. ಅದನ್ನು ನಿಮ್ಮ ಸಪ್ಲೈಯರ್ ಕೊಟೇಶನ್ನಿನಲ್ಲಿ ಬರೆದೇ ಇಲ್ಲ! ಅಲ್ಲಿನ ಸ್ಟೇಷನ್‌ಗಳಲ್ಲಿ ಗಾಡಿ ನಿಂತಾಗ ಗೋಡೆಯಿಂದ ಒಂದು ಕರೆಂಟ್ ವೈರು, ಒಂದು ಗಾಳಿ ಪೈಪು ಚುಚ್ಚಿಯೇ ಇರುತ್ತವೆ. ಬ್ಯಾಟರಿ ಸದಾ ಚಾರ್ಜ್ ಆಗಿರುತ್ತದೆ, ಏರ್ ಸದಾ ತುಂಬಿರುತ್ತದೆ. ಡ್ರೈವರ್ ಸೆಲ್ಫ್ ಹೊಡೆದ ಕೂಡಲೇ ಪ್ಲಗ್ ತಾನೇ ಚಿಮ್ಮಿ ಹೊರಬರುತ್ತದೆ. ಕಾರ್ಖಾನೆಯಲ್ಲಿ ಹೇಗೂ ಕಂಪ್ರೆಸ್ಡ್ ಏರ್ ಲೈನ್ ಇರುತ್ತದೆ. ಮಧ್ಯೆ ತೇವ ಹಿಡಿಯುವ ಫಿಲ್ಟರ್, ರೆಗ್ಯುಲೇಟರ್, ಗಾಳಿ ವಾಪಸ್ ಹೋಗದಂತೆ ತಡೆಯುವ ಒಂದು ವಾಲ್ವ್ ಹಾಕಿಸಿ. ಬ್ಯಾಟರಿಗೆ ತಾನೇ ನಿಲ್ಲುವ 24 ವೋಲ್ಟ್ ಚಾರ್ಜರ್. ಆದರೆ ಸೋರಿಕೆ ಸರಿಮಾಡಿದ ಮೇಲೇ ಇದನ್ನು ಜೋಡಿಸಿ. ಇಲ್ಲದಿದ್ದರೆ ಸೋರಿಕೆ ಮುಚ್ಚಿಹೋಗುತ್ತದೆ, ರಸ್ತೆಯಲ್ಲಿ ಗೊತ್ತಾಗುತ್ತದೆ.

ಇದರ ಜೊತೆಗೆ ಒಂದು ಹಳೇ ಅಭ್ಯಾಸ ಬಿಡಬೇಕು. ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡಿ, ಐದು ನಿಮಿಷ ಗುರ್ರೆನಿಸಿ, ಆಫ್ ಮಾಡಿ ರಿಜಿಸ್ಟರಿನಲ್ಲಿ ಟಿಕ್ ಹಾಕುವ ಅಭ್ಯಾಸ. ಸೆಲ್ಫ್ ತಿಂದ ಕರೆಂಟನ್ನು, ಗಾಡಿ ನಿಂತಲ್ಲೇ ಐದು ನಿಮಿಷ ಓಡಿದರೆ ಡೈನಮೋ ಸರಿಯಾಗಿ ವಾಪಸ್ ತುಂಬುವುದಿಲ್ಲ. ಇಂಜಿನ್ ಬಿಸಿಯಾಗುವ ಮೊದಲೇ ಆರಿಸಿದರೆ ಆಯಿಲಿನಲ್ಲಿ ತೇವ ಉಳಿಯುತ್ತದೆ, ಅರೆಬೆಂದ ಡೀಸೆಲ್ ಮಸಿಯಾಗಿ ಕೂರುತ್ತದೆ. ಬಿಎಸ್-6 (ಹೊಸ ಹೊಗೆ ನಿಯಮದ) ಗಾಡಿಯಾದರೆ ಸೈಲೆನ್ಸರಿನ ಮಸಿ ಫಿಲ್ಟರಿಗೂ ಕಷ್ಟ. ವಾರಕ್ಕೆ ಎರಡು ಸಲ ಇಪ್ಪತ್ತು ನಿಮಿಷ ರಸ್ತೆಯಲ್ಲಿ ಓಡಿಸಿ, ವಾಪಸ್ ಬಂದು ಪಿಟಿಒ (ಇಂಜಿನ್ ಶಕ್ತಿಯನ್ನು ಪಂಪಿಗೆ ಕೊಡುವ ಗೇರ್) ಹಾಕಿ ಪಂಪ್ ನಡೆಸಿ. ದಿನದ ಐದು ನಿಮಿಷಕ್ಕಿಂತ ಅದು ಎಷ್ಟೋ ಮೇಲು.

ಕೂಲೆಂಟ್ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ. ಆಂಟಿಫ್ರೀಜ್ ಅಂತ ಡಬ್ಬಿ ಮೇಲೆ ಬರೆದಿರುವುದರಿಂದ ನಮ್ಮವರು ಅದು ಹಿಮದ ಊರಿಗೆ ಮಾತ್ರ ಎಂದುಕೊಂಡು ಕೊಳವೆಬಾವಿ ನೀರು ಹಾಕುತ್ತಾರೆ. ಮಂಡ್ಯದ ಬೋರ್ ನೀರಿನ ಗಡಸು ನಿಮಗೆ ಗೊತ್ತೇ ಇದೆ. ರೇಡಿಯೇಟರ್ ಒಳಗೆ ಸುಣ್ಣ ಕಟ್ಟುತ್ತದೆ. ಫೈರ್ ಇಂಜಿನ್ ನಿಂತಲ್ಲೇ ಗಂಟೆಗಟ್ಟಲೆ ಪಂಪ್ ಓಡಿಸಬೇಕು, ಮುಂದಿನಿಂದ ಗಾಳಿ ಬೀಸುವುದಿಲ್ಲ. ನಮ್ಮ ಎತ್ತರದಲ್ಲಿ ತೆರೆದ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಅರ್ಧಕ್ಕರ್ಧ ಕೂಲೆಂಟ್ ಬೆರೆಸಿದರೆ ಕುದಿಯುವ ಬಿಂದು ಏಳೆಂಟು ಡಿಗ್ರಿ ಮೇಲೇರುತ್ತದೆ, ತುಕ್ಕೂ ಹಿಡಿಯುವುದಿಲ್ಲ. ಹೆಪ್ಪುಗಟ್ಟದಿರುವುದು ನಮಗೆ ಪುಕ್ಕಟೆ ಬಂದ ಗುಣ. ಹಾಗೆಯೇ, ಗಾಡಿ ಬಿಸಿಯಾಗುತ್ತದೆ ಎಂದು ಯಾರಾದರೂ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್) ಕಿತ್ತು ಬಿಸಾಡಿದ್ದಾರಾ ನೋಡಿ. ಅದಿಲ್ಲದಿದ್ದರೆ ಚಳಿಗಾಲದಲ್ಲಿ ಇಂಜಿನ್ ಬಿಸಿಯಾಗಲು ಬಹಳ ಹೊತ್ತು ಬೇಕು. ತಣ್ಣನೆಯ ಇಂಜಿನ್ನಿನಿಂದ ಪಂಪಿಗೆ ಪೂರ್ತಿ ಶಕ್ತಿ ಕೇಳಿದರೆ ಸವೆತ ಜಾಸ್ತಿ.

ಪಂಪ್ ಖಾಲಿ ಇಡಬೇಕಾ ಎಂದು ಕೇಳಿದಿರಿ. ಇಡಬಹುದು, ಆದರೆ ಕಾರಣ ಬೇರೆ. ನಾಲೆಯಿಂದಲೋ ಕೆರೆಯಿಂದಲೋ ನೀರು ಎಳೆದರೆ ಹೂಳು, ಮರಳು ಒಳಗೆ ಉಳಿಯುತ್ತದೆ. ಶುದ್ಧ ನೀರಿನಿಂದ ತೊಳೆದು, ಕೆಳಗಿನ ಡ್ರೈನ್ ಕಾಕಿನಿಂದ ಪೂರ್ತಿ ಇಳಿಸಿ ಮುಚ್ಚಿ. ತುರ್ತಿನಲ್ಲಿ ಟ್ಯಾಂಕಿನ ವಾಲ್ವ್ ತೆರೆದರೆ ನೀರು ತನ್ನ ಭಾರಕ್ಕೇ ಪಂಪಿಗೆ ಇಳಿಯುತ್ತದೆ, ಹೊತ್ತು ವ್ಯರ್ಥವಾಗುವುದಿಲ್ಲ. ನೀರಿಲ್ಲದೆ ಪಂಪ್ ತಿರುಗಿಸುವುದು ಮಾತ್ರ ಬೇಡ, ಸೀಲ್ ಸುಡುತ್ತದೆ. ನೀರಿನ ಟ್ಯಾಂಕ್ ಸದಾ ಪೂರ್ತಿ ತುಂಬಿರಲಿ. ಅರ್ಧ ತುಂಬಿದ ಟ್ಯಾಂಕಿನ ನೀರು ತಿರುವಿನಲ್ಲಿ ಒಂದು ಕಡೆಗೆ ನುಗ್ಗಿ ಗಾಡಿಯನ್ನೇ ಎಳೆಯುತ್ತದೆ. ಆಂಟಿಫ್ರೀಜನ್ನು ಪಂಪಿಗೆ ಹಾಕಲೇಬೇಡಿ. ಎಥಿಲೀನ್ ಗ್ಲೈಕಾಲ್ ವಿಷ, ಸಿಹಿ ರುಚಿಯೂ ಇರುತ್ತದೆ. ಹೊಲದ ಬದಿಯಲ್ಲಿ ದನ ಕುಡಿದರೆ ಹೋಯಿತು.

ಸಕ್ಷನ್, ಅಂದರೆ ಕೆರೆ ನಾಲೆಯಿಂದ ಪಂಪಿಗೆ ನೀರು ಎತ್ತುವುದರ ಬಗ್ಗೆ ಒಂದು ಮಾತು. ಪಂಪು ನೀರನ್ನು ಎಳೆಯುವುದಿಲ್ಲ, ಹೊರಗಿನ ಗಾಳಿಯ ಒತ್ತಡ ಅದನ್ನು ಮೇಲಕ್ಕೆ ತಳ್ಳುತ್ತದೆ. ಸಮುದ್ರ ಮಟ್ಟದಲ್ಲಿ ಲೆಕ್ಕದ ಪ್ರಕಾರ 10.3 ಮೀಟರ್ ತನಕ. ಮಂಡ್ಯ, ಮೈಸೂರಿನ ಎತ್ತರದಲ್ಲಿ ಅದು ಒಂಬತ್ತೂವರೆ ಮೀಟರಿನ ಆಸುಪಾಸು. ಕೆಲಸದಲ್ಲಿ 7 ಮೀಟರ್ ಸಿಕ್ಕರೆ ಖುಷಿಪಡಿ. ತಣ್ಣನೆ ನೀರು ಬಿಸಿ ನೀರಿಗಿಂತ ಒಂದು ಕೂದಲೆಳೆ ಸುಲಭವಾಗಿ ಬರುತ್ತದೆ. ಚಳಿಯಿಂದ ನಮಗಾಗುವ ಲಾಭ ಅಂದರೆ ಇದೊಂದೇ ಇರಬೇಕು! ಗಡುಸಾದ ವಾಷರ್ ಆ ಲಾಭವನ್ನೂ ಕಿತ್ತುಕೊಳ್ಳುತ್ತದೆ. ಸಕ್ಷನ್ ಹೋಸಿನ ವಾಷರ್ ಬದಲಿಸಿ, ಪಂಪನ್ನು ಒಣಗಿಸಿ ಪ್ರೈಮರ್ (ಪಂಪಿನೊಳಗಿನ ಗಾಳಿ ಹೊರಗೆಳೆಯುವ ಸಾಧನ) ಹಾಕಿ ನಿರ್ವಾತ ಹಿಡಿಯುತ್ತದೆಯೇ ನೋಡಿ. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎ ಮಾನದಂಡದಲ್ಲಿ 22 ಇಂಚು ಪಾದರಸದಷ್ಟು ನಿರ್ವಾತ ಮಾಡಿ ಬಿಟ್ಟರೆ 5 ನಿಮಿಷದಲ್ಲಿ 10 ಇಂಚಿಗಿಂತ ಜಾಸ್ತಿ ಇಳಿಯಬಾರದು. ಈ 22 ಇಂಚು 2,000 ಅಡಿ ಎತ್ತರದ ತನಕ. ಮೇಲೆ ಪ್ರತಿ ಸಾವಿರ ಅಡಿಗೆ ಒಂದು ಇಂಚು ಕಡಿಮೆ ಸಾಕು.

ನಿಮ್ಮ ಕಾರ್ಖಾನೆಯಲ್ಲಿ ಡಿಸ್ಟಿಲರಿ ಅಥವಾ ಎಥನಾಲ್ ಟ್ಯಾಂಕ್ ಇದ್ದರೆ ಫೋಮ್ ನೋಡುವುದನ್ನು ಮರೆಯಬೇಡಿ. ಎಥನಾಲ್ ನೀರಿನಲ್ಲಿ ಬೆರೆಯುವುದರಿಂದ ಸಾಮಾನ್ಯ ಫೋಮಿನ ಹೊದಿಕೆ ಅದರ ಮೇಲೆ ನಿಲ್ಲುವುದಿಲ್ಲ. ಆಲ್ಕೋಹಾಲ್ ತಾಳುವ ಫೋಮ್ ಬೇರೆಯೇ ಬರುತ್ತದೆ. ಅದು ಮೊದಲೇ ಜೋನಿಬೆಲ್ಲದ ಹಾಗೆ ಮಂದ, ತಣ್ಣಗಾದರೆ ಇನ್ನೂ ಮಂದ. ಇಂಡಕ್ಟರ್ (ಫೋಮನ್ನು ನೀರಿಗೆ ಬೆರೆಸುವ ಸಾಧನ) ಅದನ್ನು ಹೇಳಿದಷ್ಟು ಪ್ರಮಾಣದಲ್ಲಿ ಎಳೆದುಕೊಳ್ಳುವುದಿಲ್ಲ. ಡ್ರಮ್ಮಿನ ಮೇಲೆ ಕನಿಷ್ಠ ಉಷ್ಣತೆ ಬರೆದಿರುತ್ತದೆ, ಓದಿ. ವರ್ಷಕ್ಕೊಮ್ಮೆಯ ಫೋಮ್ ಪರೀಕ್ಷೆಯನ್ನು ಚಳಿಗಾಲದ ಬೆಳಿಗ್ಗೆಯೇ ಇಟ್ಟುಕೊಳ್ಳಿ. ಹಗಲಿನಲ್ಲಿ ಎಥನಾಲ್ ಜ್ವಾಲೆ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ, ನಿಮ್ಮ ಹುಡುಗರಿಗೆ ಇದನ್ನು ಹೇಳಿಟ್ಟಿರಿ.

ಟೈರು: 100 ಪಿಎಸ್‌ಐ ತುಂಬಿಸುವ ಟೈರಿನಲ್ಲಿ ಉಷ್ಣತೆ 10 ಡಿಗ್ರಿ ಇಳಿದರೆ ಗಾಳಿ ಸುಮಾರು 4 ಪಿಎಸ್‌ಐ ಇಳಿಯುತ್ತದೆ. ಬೆಳಿಗ್ಗೆ ತಣ್ಣಗಿರುವಾಗಲೇ ನೋಡಿ ತುಂಬಿಸಿ. ಫೈರ್ ಇಂಜಿನ್ನಿನ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಪಕ್ಕದಲ್ಲಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಅದನ್ನೂ ಬರೆದಿಟ್ಟುಕೊಳ್ಳಿ.

ಗಾಡಿ ಗೇಟ್ ದಾಟಿದ ಮೇಲೆ ನಿಜವಾದ ಚಳಿಗಾಲ ಎದುರಾಗುತ್ತದೆ. ನೀರಾವರಿ ಗದ್ದೆ, ನಾಲೆ, ಕೆರೆಗಳ ನಡುವಿನ ನಮ್ಮ ರಸ್ತೆಗಳಲ್ಲಿ ಗಾಳಿ ಇಲ್ಲದ ತಿಳಿ ರಾತ್ರಿ ಕಳೆದು ಬೆಳಗಾಗುವಾಗ ಮಂಜು ದಟ್ಟವಾಗಿ ಕೂರುತ್ತದೆ. ಅದೇ ಹೊತ್ತಿಗೆ ಕಬ್ಬಿನ ಟ್ರಾಕ್ಟರುಗಳು, ಗಾಡಿಗಳು ಹಿಂದೆ ಲೈಟಿಲ್ಲದೆ ನಿಂತಿರುತ್ತವೆ. ಹೈ ಬೀಮ್ ಹಾಕಿದರೆ ಮಂಜಿನಿಂದ ಬೆಳಕು ವಾಪಸ್ ಕಣ್ಣಿಗೇ ಹೊಡೆಯುತ್ತದೆ. ಡಿಮ್ ಹಾಕಿ, ಫಾಗ್ ಲ್ಯಾಂಪ್ ಕೆಳಕ್ಕೆ ತಿರುಗಿಸಿ. ವೈಪರ್ ರಬ್ಬರ್ ಹೊಸದಿರಲಿ. ಗಾಜಿನ ಒಳಗಿನ ಆವಿ ಒರೆಸಲು ಬಟ್ಟೆ ಡ್ರೈವರ್ ಕೈಗೆ ಸಿಗುವಂತಿರಲಿ. ನಾಲ್ಕೂವರೆ ಟನ್ ನೀರು ಹೊತ್ತ ಗಾಡಿ ತೇವದ ರಸ್ತೆಯಲ್ಲಿ ಕಾಣುವಷ್ಟು ದೂರದೊಳಗೆ ನಿಲ್ಲಬೇಕು. ಸೈರನ್ ಇದೆ ಎಂದು ಮಂಜು ದಾರಿ ಬಿಡುವುದಿಲ್ಲ. ನಿಮ್ಮ ಕಾರ್ಖಾನೆಯ ಕಬ್ಬಿನ ಗಾಡಿಗಳಿಗೆಲ್ಲ ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸಿ. ಇದು ಗಾಡಿ ರಿಪೇರಿಯಷ್ಟೇ ಮುಖ್ಯ.

ಚಳಿಗಾಲ ನಮಗೆ ಬಿಡುವಿನ ಕಾಲವೂ ಅಲ್ಲ. ಮಳೆ ನಿಂತಿರುತ್ತದೆ, ಭತ್ತದ ಕೊಯ್ಲು ಮುಗಿದು ಹುಲ್ಲಿನ ಮೆದೆಗಳು ಎದ್ದಿರುತ್ತವೆ. ಕಬ್ಬಿನ ತರಗಿಗೆ ಬೆಂಕಿ ಹಾಕುವುದು ನಡೆದೇ ಇರುತ್ತದೆ, ಪಕ್ಕದ ಗದ್ದೆಗೆ ಹಾರುವುದೂ ನಡೆದೇ ಇರುತ್ತದೆ. ನಿಮ್ಮ ಯಾರ್ಡಿನ ಬಗಾಸ್ (ರಸ ಹಿಂಡಿದ ಕಬ್ಬಿನ ಸಿಪ್ಪೆ) ರಾಶಿ ಒಳಗೊಳಗೇ ಬಿಸಿಯಾಗಿ ತಾನೇ ಹೊತ್ತಿಕೊಳ್ಳಬಲ್ಲದು. ಬಂಡೀಪುರ ಹೊತ್ತಿ ಉರಿದು, ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿದದ್ದು 2019ರ ಫೆಬ್ರವರಿಯಲ್ಲಿ, ಏಪ್ರಿಲ್ ಮೇನಲ್ಲಲ್ಲ. ಹಾಗಾಗಿ ಡಿಸೆಂಬರ್‌ನಲ್ಲೇ ನೀರು ಎಲ್ಲೆಲ್ಲಿ ಸಿಗುತ್ತದೆ ಎಂದು ಓಡಾಡಿ ನೋಡಿ. ವಿಶ್ವೇಶ್ವರಯ್ಯ ನಾಲೆಯ ನೀರನ್ನು ನೆಚ್ಚಿಕೊಂಡಿದ್ದರೆ, ನೀರು ನಿಲ್ಲಿಸಿದ ದಿನ ಏನು ಮಾಡುತ್ತೀರಿ? ಸಕ್ಷನ್ ಇಳಿಸಲು ಗಾಡಿ ಹೋಗುವ ಕೆರೆ ಏರಿ, ಬೋರ್‌ವೆಲ್ ಇರುವ ತೋಟ, ಅದರ ಯಜಮಾನರ ಫೋನ್ ನಂಬರ್, ಇಷ್ಟನ್ನೂ ಬರೆದು ಕ್ಯಾಬಿನ್ನಿನಲ್ಲಿ ಅಂಟಿಸಿ.

ಕೊಟೇಶನ್ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ಪಂಪಿನ ಆಂಟಿಫ್ರೀಜ್, ಡೀಸೆಲ್ ಔಷಧಿ, ಇಂಜಿನ್ ಬ್ಲಾಕ್ ಹೀಟರ್ ಮೂರನ್ನೂ ಹೊಡೆದು ಹಾಕಿ. ಗೋಡೆಯ ಚಾರ್ಜರ್, ಏರ್ ಲೈನ್, 12 ವೋಲ್ಟ್ ಕನ್ವರ್ಟರ್, ಏರ್ ಡ್ರೈಯರಿನ ಹೊಸ ಡಬ್ಬಿ, ರೇಡಿಯೇಟರ್ ಕೂಲೆಂಟ್ ಸೇರಿಸಿ. ಸ್ಟಾರ್ಟ್ ಮಾಡಲು ಈಥರ್ ಸ್ಪ್ರೇ ಕೊಡುತ್ತೇವೆ ಎಂದರೆ ಬೇಡ ಅನ್ನಿ. ಇಂಜಿನ್ನಿನ ಗಾಳಿ ದಾರಿಯಲ್ಲಿ ಹೀಟರ್ ಇದ್ದರೆ ಅದು ಸಿಡಿಯುವ ಅಪಾಯವಿದೆ. ಗಾಡಿಯನ್ನು ಊಟಿ ಕಡೆ ಯಾವುದಾದರೂ ಎಸ್ಟೇಟ್ ಕೆಲಸಕ್ಕೆ ಕಳಿಸುವುದಿದ್ದರೆ ಮಾತು ಬೇರೆ. ಅಲ್ಲಿ ಡಿಸೆಂಬರ್, ಜನವರಿಯಲ್ಲಿ ನೆಲದ ಮೇಲೆ ಹಿಮ ಕೂರುತ್ತದೆ. ರಾತ್ರಿ ಬಯಲಲ್ಲಿ ನಿಲ್ಲಿಸುವ ಮೊದಲು ಪಂಪು ಮತ್ತು ಗೇಜಿನ ಕೊಳವೆಗಳನ್ನು ಖಾಲಿ ಮಾಡಿ.

ಕೊನೆಗೆ, ಡ್ರಿಲ್ ಸಮಯ ಬದಲಿಸಿ. ಎಲ್ಲ ಕಡೆಯೂ ಬೆಳಿಗ್ಗೆ ಹನ್ನೊಂದಕ್ಕೆ, ಬಿಸಿಲೇರಿದ ಮೇಲೆ, ಸಾಹೇಬರು ಬಂದಾಗ ಮಾಡುತ್ತಾರೆ. ಆಗ ಎಲ್ಲ ಗಾಡಿಗಳೂ ಸ್ಟಾರ್ಟ್ ಆಗುತ್ತವೆ. ಡಿಸೆಂಬರ್, ಜನವರಿ ಎರಡು ತಿಂಗಳು ವಾರಕ್ಕೊಮ್ಮೆ ಮುಂಜಾನೆ ಐದೂವರೆಗೆ, ಮೊದಲೇ ಹೇಳದೆ ಬೆಲ್ ಹೊಡೆಸಿ. ಬೆಲ್ಲಿನಿಂದ ಗೇಟಿನ ತನಕ ಎಷ್ಟು ಸೆಕೆಂಡ್ ಹಿಡಿಯಿತು ಎಂದು ಬರೆದಿಡಿ. ಆಮೇಲೂ ತೊಂದರೆ ಉಳಿದರೆ ಮತ್ತೆ ಬರೆಯಿರಿ. ಬರೆಯುವಾಗ ಸೆಲ್ಫ್ ತಿರುಗಿದ ವೇಗ, ಹೊಗೆಯ ಬಣ್ಣ, ಎರಡೂ ಬ್ಯಾಟರಿಯ ವೋಲ್ಟೇಜ್, ಸಂಜೆ ಮತ್ತು ಬೆಳಗಿನ ಏರ್ ಗೇಜ್ ಓದಿದ್ದು ಇಷ್ಟನ್ನು ತಪ್ಪದೆ ಸೇರಿಸಿ.